ಪುಟದ ತಳದಲ್ಲಿ ನನ್ನ ಭಾವಮೈದುನನ ಹೆಸರು ಬರೆದವರಿಗೆ

ಗೆ,
ಲಿಂಕುಗಳ ಪಟ್ಟಿಯನ್ನು ತಾವಾಗಿಯೇ ಬರೆಯುವ ಪ್ರೋಗ್ರಾಮು ಅವರು,
ದೊರೆಸ್ವಾಮಿ ತೆಂಗಿನ ಸಸಿ ತೋಟದ ವೆಬ್‌ಸೈಟು,
ಪುಟದ ಕಟ್ಟಕಡೆ.

ಮಾನ್ಯರೇ,

ಕಾವೇರಿ ತಾಯಿ ಸತ್ತೇಗಾಲದ ಹತ್ತಿರ ಬಂದು ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ತಿಳಿಯದೆ ನಿಂತಿದ್ದಾಗ, ಜಗಳ ಬೇಡ ಎರಡೂ ಕಡೆ ಹೋಗು ಎಂದು ಕೈ ತೋರಿಸಿ ದಾರಿ ಹೇಳಿದವನೂ, ಏಳನೇ ತರಗತಿಯಲ್ಲಿ ಮೇಷ್ಟ್ರಿಂದಲೇ ಮಗ್ಗಿ ಒಪ್ಪಿಸಿಕೊಂಡವನೂ ಆದ ಸತ್ತೇಗಾಲದ ದೊರೆಸ್ವಾಮಿ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವು ಕ್ಷೇಮ, ಸಸಿಗಳೂ ಕ್ಷೇಮ. ತಮಗೆ ಕೈಕಾಲಿಲ್ಲ, ಜ್ವರ ನೆಗಡಿ ಬರುವುದಿಲ್ಲ, ಆದ್ದರಿಂದ ತಮ್ಮ ಕ್ಷೇಮವನ್ನು ಕೇಳದೆ ನೇರವಾಗಿ ವಿಷಯಕ್ಕೆ ಬರುತ್ತೇನೆ, ತಪ್ಪು ತಿಳಿಯಬಾರದು.

ನನ್ನ ಮನೆಯವಳು ಮಂಗಳ. ಅವಳ ಒಬ್ಬನೇ ತಮ್ಮ ರುದ್ರಸ್ವಾಮಿ. ಕಾಯಿಯನ್ನು ಮರಳಿನಲ್ಲಿ ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಅವನಿಗೆ ಕಲಿಸಿದವನು ನಾನು. ಕಲಿತವನು ಮೂರು ವರ್ಷದ ಕೆಳಗೆ ನನ್ನ ತೋಟದ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ತಾನೂ ಒಂದು ಸಸಿ ತೋಟ ಮಾಡಿ ಬೋರ್ಡು ಹಾಕಿದ. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಗೌರಿ ಹಬ್ಬದ ಬಾಗಿನ ತವರಿನಿಂದ ಬರುವುದು ನಿಲ್ಲಲಿಲ್ಲವಾದರೂ ತಮ್ಮನ ಕೈಯಲ್ಲಿ ಬರುವುದು ನಿಂತಿತು. ಮೂರು ವರ್ಷವೂ ಯಾರೋ ಪಕ್ಕದ ಮನೆಯವರು ತಂದುಕೊಟ್ಟು ಹೋದರು, ಮಂಗಳ ಅದನ್ನು ದೇವರ ಮುಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣಿಗೆ ಹೊಗೆ ಹೋಯಿತೇನೋ ಎಂದುಕೊಂಡೆ.

ರುದ್ರಸ್ವಾಮಿ ವೆಬ್‌ಸೈಟು ಮಾಡಿಸಿದ ಸುದ್ದಿ ಬಂದ ಮರುದಿನವೇ ನಾನು ಕೊಳ್ಳೇಗಾಲಕ್ಕೆ ಹೋದೆ. ಅಲ್ಲಿ ಮದುವೆ ಪತ್ರಿಕೆ, ತಿಥಿ ಕಾರ್ಡು ಮಾಡಿಕೊಡುವ ಅಂಗಡಿ ಇಟ್ಟಿರುವವಳು ನನ್ನ ಅಣ್ಣನ ಮಗಳು ಶೃತಿ. ಅವಳು ನನಗೂ ಒಂದು ಮಾಡಿಕೊಟ್ಟಳು. ಅವಳು ಹೇಳಿದ್ದು ಇಷ್ಟು: “ಚಿಕ್ಕಪ್ಪ, ಇದು ಗ್ವಾಡೆ ಮೇಲೆ ಅಂಟ್ಸಿದ್ ನೋಟೀಸ್ ಇದ್ದಂಗೆ. ಅಲ್ಲಾಡಕಿಲ್ಲ, ಬದ್ಲಾಗಕಿಲ್ಲ. ಒಂದಕ್ಸರ ತಿದ್ಬೇಕಂದ್ರೂ ನಾನೇ ಕೂತ್ಕಂಡು ಒಸ್ದಾಗಿ ಅಂಟ್ಸ್ಬೇಕು.” ಹಾಗೆ ಅಂಟಿಸುವ ಹೊತ್ತಿನಲ್ಲಿ ತಾವು ಒಂದು ಸಲ ಪುಟದ ಮೇಲೆಲ್ಲ ಓಡಾಡಿ, ಅದರೊಳಗಿನ ಲಿಂಕುಗಳನ್ನೆಲ್ಲ ಹೆಕ್ಕಿ, ತಳದಲ್ಲಿ ಪಟ್ಟಿ ಬರೆಯುತ್ತೀರೆಂದೂ ಅವಳು ಹೇಳಿದ್ದಳಂತೆ. ನಾನು ಆಗ ಫೋಟೋದಲ್ಲಿ ನನ್ನ ಮೀಸೆ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದೆ.

ಮಾನ್ಯರೇ, ನಮ್ಮೂರಿನ ಒಂದು ಪದ್ಧತಿಯನ್ನು ತಮ್ಮ ಅವಗಾಹನೆಗೆ ತರಲೇಬೇಕು. ನಾವು ನೆಂಟರನ್ನು ಹೆಸರಿಟ್ಟು ಬೈಯುವುದಿಲ್ಲ, ಅದು ಮರ್ಯಾದೆಯಲ್ಲ. ಬೈಯಲೇಬೇಕಾದಾಗ ಅಂಗಳದಲ್ಲಿ ಮೇಯುವ ಒಂದು ಕೋಳಿಯನ್ನು ನೋಡಿಕೊಂಡು, “ಲೇ, ಕಂಡೋರ್ ತಿಪ್ಪೆ ಕೆರ್ದು ದಪ್ಪಗಾಗಿದ್ದೀಯಲ್ಲಾ, ನಾಚ್ಕೆ ಆಗಕಿಲ್ವಾ ನಿಂಗೆ?” ಎಂದು ಬೀದಿಗೆ ಕೇಳುವಂತೆ ಕೇಳುತ್ತೇವೆ. ಕೋಳಿಗೆ ಬೇಜಾರಿಲ್ಲ. ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ಕೇಳಿದರೆ, ನಾನು ಕೋಳಿಗೆ ಅಂದೆ ಕಣಪ್ಪ ಎನ್ನಬಹುದು. ಹೀಗೆ ನಮ್ಮಲ್ಲಿ ಎಷ್ಟೋ ಮನೆಗಳ ಜಗಳ ಕೋಳಿಗಳ ಮುಖಾಂತರ ಮರ್ಯಾದೆಯಿಂದ ನಡೆದುಕೊಂಡು ಬಂದಿದೆ.

ಲಿಂಕು ಎಂಬುದನ್ನು ಶೃತಿ ತೋರಿಸಿಕೊಟ್ಟಾಗ ನನಗೆ ಮೊದಲು ಕಂಡದ್ದು ಈ ಕೋಳಿಯೇ. ಚೌಕ ಆವರಣದೊಳಗೆ ಮಾತು ಬರೆಯುವುದು, ದುಂಡು ಆವರಣದೊಳಗೆ ವಿಳಾಸ ಬರೆಯುವುದು. ಓದುವವರಿಗೆ ಕಾಣುವುದು ನೀಲಿ ಬಣ್ಣದ ಮಾತು ಮಾತ್ರ, ಅದನ್ನು ಒತ್ತಿದರೆ ಆ ವಿಳಾಸ ತೆರೆಯುತ್ತದೆ. ನಾನು ಮೂರು ದಿನ ಕೂತು ಬರೆದೆ. ‘ಕೆಲವರು ಒಣಗಿದ ಕಾಯಿಗೆ ನೀರು ಚಿಮುಕಿಸಿ ಸಸಿ ಎಂದು ಮಾರುತ್ತಾರೆ’ ಎಂದು ಬರೆದು ‘ಕೆಲವರು’ ಎಂಬಲ್ಲಿ ರುದ್ರಸ್ವಾಮಿಯ ವೆಬ್‌ಸೈಟಿನ ವಿಳಾಸ ಇಟ್ಟೆ. ‘ನಿನ್ನೆ ಮೊನ್ನೆ ಹಾರೆ ಹಿಡಿದವರು’, ಅಲ್ಲೂ ಅದೇ ವಿಳಾಸ. ‘ಉಂಡ ಮನೆಗೆ ಎರಡು ಬಗೆದವರು’, ಅಲ್ಲೂ ಅದೇ. ಒಟ್ಟು ಒಂಬತ್ತು ಕಡೆ. ಎಲ್ಲಿಯೂ ಹೆಸರಿಲ್ಲ. ಇಡೀ ಪುಟ ನಮ್ಮ ಅಂಗಳದ ಹಾಗೆ ಮರ್ಯಾದಸ್ಥವಾಗಿ ಕಾಣುತ್ತಿತ್ತು. ನನ್ನ ಫೋನ್ ನಂಬರನ್ನು ಕೊನೆಯಲ್ಲಿ ಬರಿಯ ಅಂಕಿಗಳಲ್ಲಿ ಬರೆದೆ. ಸ್ವಂತ ನಂಬರಿಗೂ ಆವರಣ ಹಾಕಬೇಕೆಂದು ನನಗೆ ಹೊಳೆಯಲಿಲ್ಲ.

ಶೃತಿ ಪುಟವನ್ನು ಅಂಟಿಸಿ, ಅಂಗಡಿಗೆ ಬೀಗ ಹಾಕಿ, ಗಂಡನ ಮನೆಯವರ ಗೃಹಪ್ರವೇಶಕ್ಕೆಂದು ಹನೂರಿಗೆ ಹೊರಟುಹೋದಳು. ಅವಳು ಅಂಟಿಸುತ್ತಿದ್ದ ಹೊತ್ತಿನಲ್ಲೇ ತಾವು ಕೆಲಸ ಮುಗಿಸಿದ್ದಿರಿ, ಅವಳು ತಳ ನೋಡಲಿಲ್ಲ. ತಮ್ಮ ಶ್ರದ್ಧೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಬೈಗುಳದ ಪೊದೆಯೊಳಗೆ ನಾನು ಅಡಗಿಸಿಟ್ಟಿದ್ದ ಒಂಬತ್ತನ್ನೂ ಒಂದು ಬಿಡದೆ ಹೆಕ್ಕಿದಿರಿ. ನಾನು ಬರೆದ ಮಾತುಗಳನ್ನು ಅತ್ತ ಇಟ್ಟು, ಲಿಂಕು ಎಲ್ಲಿಗೆ ಹೋಗುತ್ತದೋ ಆ ವೆಬ್‌ಸೈಟಿನ ಹೆಸರನ್ನೇ, ಅದರ ತಲೆಬರಹದ ಸಮೇತ, ತಂದು ಇಟ್ಟಿರಿ. ಹೆಚ್ಚು ಸಲ ಬಂದವರನ್ನು ಮೇಲೆ ಕೂರಿಸುವುದು ತಮ್ಮ ಕ್ರಮವಂತೆ. ಹೀಗಾಗಿ ನನ್ನ ಪುಟದ ತಳದಲ್ಲಿ, ನನ್ನ ದುಡ್ಡಿನಲ್ಲಿ, ದಪ್ಪ ಅಕ್ಷರದಲ್ಲಿ ಹೀಗೆ ಮೂಡಿತು: ‘ಈ ಪುಟ ಸೂಚಿಸುವ ಜಾಗಗಳು. ೧. ರುದ್ರಸ್ವಾಮಿ ತೆಂಗಿನ ಸಸಿ ತೋಟ, ಸತ್ತೇಗಾಲ. ಬಂದು ನೋಡಿ, ಆಮೇಲೆ ಕೊಳ್ಳಿ. ಒಂಬತ್ತು ಸಲ.’ ಎರಡನೆಯದು ಹವಾಮಾನದ ವರದಿ, ಮಳೆಯ ಮಾತು ಬಂದಲ್ಲಿ ನಾನು ಒಂದೇ ಸಲ ಇಟ್ಟಿದ್ದ ಲಿಂಕು. ನಾನು ಇರಲೇ ಇಲ್ಲ.

ಇದೇ ವಾರ ನನ್ನ ತೋಟಕ್ಕೆ ಬರಬೇಕಾಗಿದ್ದ ಗಿರಾಕಿ ಯಳಂದೂರಿನ ಶಾಂತಮೂರ್ತಿಯವರು. ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೊರಡುವ ಮೊದಲು ನನ್ನ ವೆಬ್‌ಸೈಟು ನೋಡಿಕೊಂಡು ಬನ್ನಿ, ಸಸಿಯ ಜಾತಕವೇ ಅಲ್ಲಿದೆ ಎಂದು ನಾನೇ ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಅವರಿಗೆ ಒಂದು ಕಚೇರಿ ಅಭ್ಯಾಸ. ಯಾವ ಕಾಗದ ಬಂದರೂ ಮೊದಲು ತಳ ನೋಡುತ್ತಾರೆ. ಜೊತೆಗೆ ಏನೇನು ಲಗತ್ತಿಸಿದ್ದಾರೆ ಎಂಬ ಪಟ್ಟಿ ಅಲ್ಲಿರುತ್ತದಲ್ಲ, ಅದು ಸರಿಯಿದ್ದರೆ ಮೇಲಿನದನ್ನು ಓದುವ ಗೋಜಿಗೇ ಹೋಗುವುದಿಲ್ಲ. ಸೋಮವಾರ ಮಧ್ಯಾಹ್ನ ಅವರ ಫೋನು ಬಂತು. “ದೊರೆಸ್ವಾಮಿಗಳೇ, ನಿಮ್ಮಂತೋರು ಈ ಕಾಲ್ದಲ್ಲಿ ಎಲ್ಲವ್ರೆ ಸಾಮಿ! ಸ್ವಂತ ಅಂಗ್ಡಿ ಬೋರ್ಡ್ ಮೇಲೆ ಎದುರಂಗ್ಡಿ ಹೆಸ್ರು ಬರ್ಸೋ ಗಂಡಸ್ನ ನಾನ್ ಕಂಡೇ ಇರ್ನಿಲ್ಲ. ಅದೂ ಒಂಬತ್ ಸಲ! ನೀವು ಅಷ್ಟ್ ಹೇಳ್ದ ಮೇಲೆ ಇನ್ನೇನು, ಅವರ್ ತಾವ್ಲೇ ಸಸಿ ತಕಂಡೆ.” ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ರಸ್ತೆಯ ಆಚೆ ಬದಿಯಿಂದ ಶಾಂತಮೂರ್ತಿಯವರು ಫೋನು ಕಿವಿಯಲ್ಲಿಟ್ಟುಕೊಂಡೇ ನನಗೆ ಕೈ ಮುಗಿದರು. ನಾನೂ ಮುಗಿದೆ. ಏನು ಮಾಡಲಿ?

ಅಂದು ಸಾಯಂಕಾಲ ರುದ್ರಸ್ವಾಮಿ ರಸ್ತೆ ದಾಟಿದ. ಹೆಗಲ ಮೇಲೆ ರಸಬಾಳೆಯ ಗೊನೆ. ಪುಟವನ್ನು ಮೇಲಿನಿಂದ ಓದದೆ ಬಂದಿದ್ದಾನೆ, ಪಾಪ ಎಂದುಕೊಂಡು ನಾನು ದೊಡ್ಡ ಮನುಷ್ಯನಂತೆ ಮೀಸೆ ತಿರುವುತ್ತ ಕುರ್ಚಿ ತೋರಿಸಿದೆ. ಅವನು ಕೂರಲಿಲ್ಲ. “ಭಾವ, ಮೇಲ್ಗಡೆ ಬರ್ದಿರೋದ್ನೂ ಓದ್ದೆ. ಅದನ್ನ ಮೂರ್ ವರ್ಸದಿಂದ ನಿಮ್ ಕೋಳಿ ಜತೇಲಿ ನಾನೂ ಕೇಳ್ತಾನೇ ಇವ್ನಿ. ಕೆಳಗಡೇದು ಒಸ್ದು. ಅದ್ಕೇ ಬಂದೆ” ಎಂದ. ಒಳಗಿಂದ ಬಂದ ಮಂಗಳ ಗೊನೆಯನ್ನು ಇಳಿಸಿಕೊಂಡು, “ಕಾಲ್ ತೊಳ್ಕಳ್ಲಾ, ರೊಟ್ಟಿ ಬೇಯ್ತಾ ಅದೆ” ಎಂದಳು. ಮೂರು ವರ್ಷದ ಮಾತೆಲ್ಲ ಅಷ್ಟಕ್ಕೇ ಮುಗಿಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ರೊಟ್ಟಿ ಮಾತ್ರ ಅಂದು ನನಗೂ ಬಿಸಿಯಾಗಿಯೇ ಸಿಕ್ಕಿತು.

ಆದರೂ ಮಾನ್ಯರೇ, ದೂರು ದೂರೇ. ಆದ್ದರಿಂದ ತಾವು ದಯಮಾಡಿ ಇನ್ನು ಮುಂದೆ ಲಿಂಕನ್ನು ಹೆಕ್ಕುವಾಗ ಅದು ಸಿಕ್ಕ ಸಾಲನ್ನು ಒಮ್ಮೆ ಮೂಸಿ ನೋಡಿ, ಹೊಗಳಿಕೆಯೋ ಬೈಗುಳವೋ ತಿಳಿದುಕೊಂಡು, ಬೈಗುಳವಾದರೆ ಕಣ್ಣು ಮುಚ್ಚಿ ಮುಂದೆ ಹೋಗತಕ್ಕದ್ದು. ನೆಂಟರು ಒಂಬತ್ತು ಸಲ ಬಂದರೆ ಒಂದೇ ಸಲ ಎಂದೂ, ಯಜಮಾನ ಒಂದೂ ಸಲ ಬಾರದಿದ್ದರೆ ಹತ್ತು ಸಲ ಎಂದೂ ಎಣಿಸತಕ್ಕದ್ದು. ಯಾರ ಪುಟಕ್ಕೇ ಆಗಲಿ ನುಗ್ಗುವ ಮೊದಲು, ನಮ್ಮ ಕಡೆಯ ಹಿರಿಯರಂತೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮತಕ್ಕದ್ದು. ಆಗ ನಾವು ಬಚ್ಚಿಡಬೇಕಾದ್ದನ್ನು ಬಚ್ಚಿಟ್ಟುಕೊಳ್ಳುತ್ತೇವೆ.

ಶೃತಿ ಹನೂರಿನಿಂದ ಬಂದವಳು ನಮ್ಮ ಮನೆಯಲ್ಲೇ ಕೂತು ಲ್ಯಾಪ್‌ಟಾಪು ತೆರೆದಳು. “ಒಂದ್ ಸಾಲು ಅಳ್ಸುದ್ರೆ ಪಟ್ಟಿನೇ ಬರಕಿಲ್ಲ ಚಿಕ್ಕಪ್ಪ. ಅಳ್ಸ್ಬುಡ್ಲಾ?” ಎಂದಳು. ಮಂಗಳ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಈ ಸಲದ ಗೌರಿ ಹಬ್ಬಕ್ಕೆ ಇನ್ನು ಇಪ್ಪತ್ತು ದಿನವಿದೆ. “ಇರ್ಲಿ ಬುಡವ್ವ, ಪಾಪ, ಒಟ್ಟೆಪಾಡು ಆ ಪ್ರೋಗ್ರಾಮ್‌ಗೂ ಇರ್ತದೆ” ಎಂದೆ. ಬೇಕಾದರೆ ಮೇಲಿನ ಒಂಬತ್ತು ಮಾತನ್ನು ತೆಗೆದುಬಿಡು ಎಂದೂ ಹೇಳಿದೆ. ಅವು ಹೋದರೆ ಪಟ್ಟಿಯಿಂದ ರುದ್ರಸ್ವಾಮಿಯೂ ಹೋಗುತ್ತಾನೆ ಎಂದಳು ಅವಳು. ಹೀಗಾಗಿ ಪಟ್ಟಿಯಲ್ಲಿ ಭಾವಮೈದುನ ಉಳಿಯಬೇಕೆಂಬ ಒಂದೇ ಕಾರಣಕ್ಕೆ, ಅವನನ್ನು ಒಂಬತ್ತು ಸಲ ಬೈದುಕೊಂಡೇ ಇರುವ ಕರ್ಮ ನನ್ನದಾಗಿದೆ. ಇದಕ್ಕೂ ತಾವೇ ಹೊಣೆ.

ತಮ್ಮ ಪಟ್ಟಿಯಲ್ಲಿ ಹವಾಮಾನಕ್ಕಿಂತ ಕೆಳಗೂ ಜಾಗ ಸಿಗದ, ಆದರೂ ಎಂದೆಂದಿಗೂ ತಮ್ಮ ವಿಶ್ವಾಸಿ,
ದೊರೆಸ್ವಾಮಿ
ಸತ್ತೇಗಾಲ, ಕೊಳ್ಳೇಗಾಲ ತಾಲ್ಲೂಕು

ತಾಜಾಕಲಂ: ತಮ್ಮಿಂದ ನನಗಾದ ನಷ್ಟ ಎರಡು ಲಕ್ಷವೆಂದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹೇಳಿರುವುದು ನಿಜ. ಆದರೆ ತಾವು ಎಲ್ಲಿ ಅಡಗಿಸಿದರೂ ಹೆಕ್ಕಿ ತಂದು ತಳದಲ್ಲಿ ಬರೆಯುವವರು. ತಮಗೆ ಆ ಸಂತೋಷ ಯಾಕೆ ಕೊಡಲಿ ಎಂದು ನಾನೇ ಬರೆದುಬಿಡುತ್ತೇನೆ: ಶಾಂತಮೂರ್ತಿಯವರು ಮನೆಯ ಹಿತ್ತಲಿಗೆ ಒಯ್ದದ್ದು ಆರು ಸಸಿ, ಖರ್ಚು ಕಳೆದು ಒಂದಕ್ಕೆ ನನಗೆ ಉಳಿಯುತ್ತಿದ್ದದ್ದು ಮೂವತ್ತೈದು, ಒಟ್ಟು ಇನ್ನೂರ ಹತ್ತು ರೂಪಾಯಿ.