ಮೂರನೇ ಗೇರಿನ ಮೇಲೆ ಯಾರದೋ ಕೈ

ದೆವ್ವವನ್ನು ನಂಬದೆ ಬದುಕಬೇಕಾದರೆ ಮನೆಯಲ್ಲಿ ನಂಬುವವರು ಒಬ್ಬರಾದರೂ ಇರಬೇಕು. ಅವರು ಹೆದರಿದರೆ ನಾವು ನಗಬಹುದು. ಅವರು ದೇವರ ಮುಂದೆ ದೀಪ ಹಚ್ಚಿಟ್ಟರೆ ಅದೇ ಬೆಳಕಿನಲ್ಲಿ ಕೂತು ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಬಹುದು. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಈ ಏರ್ಪಾಟು ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು. ಹೆದರುವ ಖಾತೆ ನನ್ನ ಹೆಂಡತಿ ಪದ್ಮಳದು, ನಗುವ ಖಾತೆ ನನ್ನದು. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಆಯುಷ್ಯ ಸವೆಸಿ, ನಿವೃತ್ತನಾಗಿ, ದ್ವಾರಕಾದ ಸೊಸೈಟಿ ಫ್ಲಾಟಿನಲ್ಲಿ ಕಾಲು ಚಾಚಿ ಕೂತ ಮೇಲೂ ಈ ಖಾತೆಗಳು ಅದಲುಬದಲಾಗಿರಲಿಲ್ಲ. ಅದನ್ನು ಕೆಡಿಸಿದ್ದು ಒಂದು ಹಳೆಯ ಪಿಕಪ್ ಗಾಡಿ.

ಗಾಡಿ ಯಾಕೆ ಬಂತು ಎಂದರೆ ಪದ್ಮಳ ಊಟದ ವಿಷಯ ಹೇಳಬೇಕಾಗುತ್ತದೆ. ದೆಹಲಿಗೆ ಬಂದ ದಿನದಿಂದ ಅವಳು ಎಲ್ಲರಿಗೂ ‘ರಾಯರ ಮಿಸೆಸ್ಸು’. ಹಿಂದಿ ಬಾಯಿಗೆ ಹತ್ತಲಿಲ್ಲ, ತರಕಾರಿ ಭಯ್ಯಾನ ಜೊತೆ ಕೈಸನ್ನೆಯಲ್ಲೇ ಚೌಕಾಸಿ. ಅಂಥವಳು ನಾನು ನಿವೃತ್ತನಾದ ಮೇಲೆ ಇದ್ದಕ್ಕಿದ್ದಂತೆ ಸೆರಗು ಕಟ್ಟಿ, ಓಲ್ಡ್ ರಾಜಿಂದರ್ ನಗರದಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮಧ್ಯಾಹ್ನದ ಊಟ ಹಾಕಲು ಶುರು ಮಾಡಿದಳು. ಅಲ್ಲೊಂದು ನೆಲಮಾಳಿಗೆ ಬಾಡಿಗೆಗೆ ಹಿಡಿದು, ಮನೆಯಲ್ಲಿ ಬೇಯಿಸಿದ ಅನ್ನ, ಹುಳಿ, ಪಲ್ಯ, ಮಜ್ಜಿಗೆಯನ್ನು ದಿನಾ ಒಯ್ದು ತಾನೇ ಬಡಿಸುತ್ತಿದ್ದಳು. ಆ ಮಕ್ಕಳು “ಆಂಟಿ, ಆಂಟಿ” ಎಂದು ಸುತ್ತುವರಿದಾಗ ಅವಳ ಮುಖ ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಅವಳಿಗೆ ತನ್ನದು ಎನ್ನುವ ಕೆಲಸ ಒಂದೂ ಇರಲಿಲ್ಲವಲ್ಲ ಎಂದು ನನಗೆ ಹೊಳೆದದ್ದೇ ಆಗ. ಷರತ್ತು ಒಂದೇ, ಊಟ ಒಂದು ಗಂಟೆಗೆ ಅಲ್ಲಿರಬೇಕು. ತಡವಾದರೆ ಹುಡುಗರು ಕ್ಲಾಸಿಗೆ ಹೊತ್ತಾಯಿತೆಂದು ಪರಾಠಾ ಅಂಗಡಿಗೆ ನುಗ್ಗುತ್ತಾರೆ. ನಾಲ್ಕು ದಿನ ಹಾಗೆ ಹೋದವರು ಮತ್ತೆ ಇತ್ತ ತಲೆ ಹಾಕುವುದಿಲ್ಲ, ಪದ್ಮಾ ಮತ್ತೆ ‘ರಾಯರ ಮಿಸೆಸ್ಸು’ ಆಗಿ ಅಡುಗೆಮನೆಗೆ ವಾಪಸಾಗಬೇಕಾಗುತ್ತದೆ.

ಹೆಂಡತಿಗೆ ಉಪಕಾರ ಮಾಡಬೇಕೆಂಬ ಆಸೆ ಗಂಡಸಿಗೆ ತಡವಾಗಿ ಬರುತ್ತದೆ. ಬಂದಾಗ ಬಲು ದೊಡ್ಡದಾಗಿ ಬರುತ್ತದೆ. ನಾನು ಒಂದು ಇಲಾಖೆಯ ಹರಾಜಿಗೆ ಹೋಗಿ, ನಿರುಪಯೋಗಿ ಎಂದು ತೀರ್ಮಾನವಾಗಿದ್ದ ಭಾರೀ ಪಿಕಪ್ಪೊಂದನ್ನು ಹಿಡಿದುಕೊಂಡು ಬಂದೆ. ಹಿಂದೆ ಅದು ಎಲ್ಲಿ ಓಡುತ್ತಿತ್ತು, ಏನು ಹೊರುತ್ತಿತ್ತು ಎಂದು ಕೇಳಿದರೆ ಅಲ್ಲಿನ ಗುಮಾಸ್ತ ಹೇಳಲಿಲ್ಲ. ಗಾಡಿಯ ಹಿಂಭಾಗ ನೋಡಿದ ಪದ್ಮಾ, “ಇದರಲ್ಲಿ ಒಬ್ಬ ಮನುಷ್ಯನ್ನ ಉದ್ದಕ್ಕೆ ಮಲಗಿಸಬಹುದು ಕಣ್ರೀ” ಎಂದಳು. “ಹುಳಿ ಪಾತ್ರೆ ಮಲಗಿಸು, ಸಾಕು” ಎಂದು ನಾನು ನಕ್ಕೆ. ನಗುವ ಖಾತೆ ಆಗಿನ್ನೂ ನನ್ನ ಬಳಿಯೇ ಇತ್ತು.

ಮೊದಲ ದಿನವೇ ಅದು ನಿಲ್ಲಲಿಲ್ಲ. ಅಂದರೆ, ಎಂಜಿನ್ ನಿಲ್ಲಲಿಲ್ಲ. ಸೊಸೈಟಿಯ ಗೇಟಿನೊಳಗೆ ತಂದು, ಕೀಲಿ ತಿರುಗಿಸಿ, ಕೈಗೆ ತೆಗೆದುಕೊಂಡು ಕೆಳಗಿಳಿದರೂ ಅದು ಗುಡುಗುಡು ಎನ್ನುತ್ತಲೇ ಇತ್ತು. ವಾಚ್‌ಮನ್ ದೂರದಲ್ಲೇ ನಿಂತು, “ಸಾಬ್, ಚಾಬಿ ತೋ ಆಪ್ ಕೇ ಹಾಥ್ ಮೇ ಹೈ” ಎಂದ. ಕೀಲಿ ನನ್ನ ಕೈಯಲ್ಲಿದೆ ಎಂಬುದು ನನಗೂ ಕಾಣುತ್ತಿತ್ತು. ಹಳೆಯ ಡೀಸೆಲ್ ಎಂಜಿನ್ನಿಗೆ ಎಣ್ಣೆ ಹೋಗುವುದನ್ನು ತಡೆಯುವ ತಂತಿ ಸಡಿಲವಾದರೆ ಹಾಗಾಗುತ್ತದಂತೆ. ಈ ವಿವರಣೆಯನ್ನು ನಾನು ವಾಚ್‌ಮನ್ನನಿಗೆ ಕೊಟ್ಟೆ. ಅವನು ಕೇಳುತ್ತಾ ಕೇಳುತ್ತಾ ಹಿಂದೆ ಸರಿದು ತನ್ನ ಗೂಡು ಸೇರಿಕೊಂಡ. ಮಾರನೆಯ ದಿನದಿಂದ ನನ್ನ ಗಾಡಿಯ ಅಕ್ಕಪಕ್ಕ ಸೊಸೈಟಿಯವರು ಯಾರೂ ಕಾರು ನಿಲ್ಲಿಸಲಿಲ್ಲ.

ಆಮೇಲೆ ಅಳು. ಹಿಂದಿನ ಚಕ್ರಗಳ ನಡುವಿನ ಗುಂಡನೆಯ ಡಬ್ಬಿಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಅದರ ಹಲ್ಲುಗಳು ಸವೆದರೆ ಊಳಿಡುತ್ತದೆ. ಇದೂ ನನಗೆ ಗೊತ್ತಿತ್ತು. ಆದರೆ ಹಲ್ಲು ಸವೆದರೆ ಥೇಟು ಹೆಂಗಸೊಬ್ಬಳು ಬೆನ್ನ ಹಿಂದೆ ಕೂತು ಬಿಕ್ಕುವ ಹಾಗೆ ಕೇಳಬೇಕೆಂದು ಎಲ್ಲಿ ಬರೆದಿದೆ? ಗಾಡಿ ವೇಗವಾದಂತೆ ಅಳು ಏರುತ್ತಿತ್ತು, ಕಾಲು ತೆಗೆದರೆ ಥಟ್ಟನೆ ಬಾಯಿ ಮುಚ್ಚಿದಂತೆ ನಿಲ್ಲುತ್ತಿತ್ತು. ಪದ್ಮಾ ಪ್ರತಿ ಸಲವೂ ಹಿಂತಿರುಗಿ ಕಿಟಕಿಯಲ್ಲಿ ಇಣುಕುತ್ತಿದ್ದಳು. ಹಿಂದೆ ಅನ್ನದ ಪಾತ್ರೆ, ಹುಳಿಯ ಪಾತ್ರೆ, ಮಜ್ಜಿಗೆ ಕ್ಯಾನು. “ಏನಿದೆ?” ಎಂದು ನಾನು ಕೇಳುವೆ. “ಏನೂ ಇಲ್ಲ, ಅದೇ ಭಯ” ಎನ್ನುವಳು.

ಗೇರಿನ ವಿಷಯಕ್ಕೆ ಬರುತ್ತೇನೆ. ನಮ್ಮ ದಾರಿಯಲ್ಲಿ ಒಂದು ಸ್ಮಶಾನದ ಗೇಟು, ಅದರ ಮುಂದೆ ಒಂದು ಸ್ಪೀಡ್ ಬ್ರೇಕರ್. ಅಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೂರನೇ ಗೇರಿನಲ್ಲಿದ್ದ ರಾಡು ನಿಧಾನವಾಗಿ, ಯಾರೋ ಮೇಲೆ ಕೈಯಿಟ್ಟು ಎಳೆದಂತೆ, ಹಿಂದಕ್ಕೆ ಬಂದು ನ್ಯೂಟ್ರಲ್‌ನಲ್ಲಿ ನಿಲ್ಲುತ್ತಿತ್ತು. ಗಾಡಿ ಉರುಳುತ್ತಾ ಹೋಗಿ ಸರಿಯಾಗಿ ಗೇಟಿನೆದುರು ನಿಲ್ಲುವುದು.

“ರೀ, ನೀವು ಮುಟ್ಟಿದ್ರಾ?”

“ಇಲ್ಲ.”

“ನಾನೂ ಮುಟ್ಟಿಲ್ಲ.”

ಗೇರ್ ಪೆಟ್ಟಿಗೆ ಹಳತಾದರೆ ಗೇರು ಜಾರುತ್ತದೆ, ಕಾಲು ತೆಗೆಯುವ ಜಾಗ ಅದೇ ಆದ್ದರಿಂದ ಅಲ್ಲೇ ಜಾರುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಅವಳು, “ಹಾಗಾದ್ರೆ ನಾಳೆ ಬೇರೆ ಕಡೆ ಕಾಲು ತೆಗೀರಿ ನೋಡೋಣ” ಎಂದಳು. ತೆಗೆದೆ. ಮಾರ್ಕೆಟ್ಟಿನ ಮುಂದೆ ತೆಗೆದೆ, ಮೆಟ್ರೋ ಕಂಬದ ಕೆಳಗೆ ತೆಗೆದೆ. ಗೇರು ಅಲುಗಾಡಲಿಲ್ಲ. ಸ್ಮಶಾನದ ಮುಂದೆ ಬಂದಾಗ ಮಾತ್ರ ರಾಡು ವಿಧೇಯವಾಗಿ ಹಿಂದಕ್ಕೆ ಬಂತು. ಅಂದು ನನ್ನ ಅಂಗೈ ಬೆವರಿದ್ದನ್ನು ಪದ್ಮಳಿಗೆ ತೋರಿಸಲಿಲ್ಲ.

ಇದಾದ ಕೆಲವು ದಿನಕ್ಕೆ ಗಾಡಿಯ ತಳದಲ್ಲಿ ‘ಟಿಕ್ ಟಿಕ್ ಟಿಕ್’ ಎಂದು ಉಗುರಿನಿಂದ ಕುಟ್ಟುವ ಸದ್ದು ಶುರುವಾಯಿತು. ಸರಿಯಾಗಿ ನನ್ನ ಕಾಲಡಿ. ನಿಧಾನಕ್ಕೆ ಹೋದರೆ ನಿಧಾನಕ್ಕೆ ಕುಟ್ಟುವುದು, ಜೋರಾಗಿ ಹೋದರೆ ಆತುರಾತುರವಾಗಿ ಕುಟ್ಟುವುದು, ನಿಂತರೆ ನಿಲ್ಲುವುದು. ನಜಫ್‌ಗಢ ರಸ್ತೆಯ ಮೆಕ್ಯಾನಿಕ್ ಸತ್ಬೀರನಲ್ಲಿಗೆ ಒಯ್ದೆ. ಆರಡಿ ಎತ್ತರದ, ಗಿರಿಜಾಮೀಸೆಯ ಆಳು. ಪಕ್ಕದಲ್ಲಿ ಕೂತು ಸ್ವಲ್ಪ ದೂರ ಬಂದವನು ಸದ್ದು ಕೇಳಿದ್ದೇ, “ರೋಕೋ ಸಾಬ್” ಎಂದು ಇಳಿದುಬಿಟ್ಟ. ಕ್ಲಚ್ ಪ್ಲೇಟು ಹೋಗಿದೆ, ಜಾಯಿಂಟು ಸಡಿಲವಾಗಿದೆ, ಡಿಫರೆನ್ಷಿಯಲ್ ಒಣಗಿದೆ, ಅದನ್ನೆಲ್ಲ ನಾನು ಮಾಡಿಕೊಡುತ್ತೇನೆ, ಆದರೆ ಒಳಗೆ ಕೂತಿರುವುದನ್ನು ಮೊದಲು ನೀವು ಇಳಿಸಿಕೊಂಡು ಬನ್ನಿ ಎಂದ. “ಒಳಗೆ ಯಾರೂ ಇಲ್ಲಪ್ಪಾ” ಎಂದರೆ, “ಅದೇ ತಾನೇ ಸಾಬ್ ಮುಶ್ಕಿಲ್” ಎಂದು ಕೈ ಒರೆಸಿಕೊಂಡ. ಒಂದು ದಿನ ಗಾಡಿಯನ್ನು ತನ್ನ ಅಂಗಳದಲ್ಲಿ ಇಟ್ಟುಕೊಂಡು, ಏನನ್ನೂ ಬಿಚ್ಚದೆ ವಾಪಸು ಕಳಿಸಿದ.

ಇತ್ತ ಊಟ ತಡವಾಗತೊಡಗಿತು. ಸ್ಮಶಾನದ ಗೇಟಿನೆದುರು ನಿಂತ ಗಾಡಿ ಹೊರಡಬೇಕಾದರೆ ಎಂಜಿನ್ ಅರಚುವುದು, ಚಕ್ರ ಕದಲದು. ನಾವು ತಲುಪುವಷ್ಟರಲ್ಲಿ ನೆಲಮಾಳಿಗೆಯಿಂದ ಅರ್ಧ ಹುಡುಗರು ಹೊರಟುಹೋಗಿರುತ್ತಿದ್ದರು. ಒಂದು ಸಂಜೆ ಪದ್ಮಾ ಉಳಿದ ಅನ್ನವನ್ನು ವಾಪಸು ತಂದು, ಸಿಂಕಿನ ಮುಂದೆ ನಿಂತು, ಯಾರಿಗೋ ಎಂಬಂತೆ, “ನನ್ನ ಕೈಯಲ್ಲಿ ಇದೂ ನಿಲ್ಲಲಿಲ್ಲ” ಎಂದಳು. ಅವಳ ಪಾಡಿಗೆ ಅವಳು ನಡೆಸಿಕೊಂಡು ಹೋಗುತ್ತಿದ್ದ ಕೆಲಸದೊಳಗೆ ಈ ಶನಿಯನ್ನು ತಂದು ಕೂರಿಸಿದವನು ನಾನೇ ತಾನೆ.

ಆದ್ದರಿಂದ, ಮಹನೀಯರೇ, ನಾನು ತೆಂಗಿನಕಾಯಿ ತಂದೆ. ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಅರಿಸಿನ ಕುಂಕುಮ ಹಾಕಿ, ಹೇಳಬೇಕಾದ ಮಂತ್ರ ಗೊತ್ತಿಲ್ಲದೆ ಬಾಲ್ಯದಲ್ಲಿ ಕಲಿತ ಒಂದು ಮಗ್ಗಿ ಹೇಳಿ, ಬೆಳ್ಳಂಬೆಳಗ್ಗೆ ಪದ್ಮಾ ಸ್ನಾನಕ್ಕೆ ಹೋದಾಗ ಗಾಡಿಯ ಹತ್ತಿರ ಹೋದೆ. ಕಾಣುವಲ್ಲಿ ಕಟ್ಟಿದರೆ ನನ್ನ ಇಷ್ಟು ವರ್ಷದ ಭಾಷಣಗಳ ಗತಿ? ಪಕ್ಕದಲ್ಲಿ ಬಗ್ಗಿ, ಕಾಣದ ಕಡೆ ಕೈ ತೂರಿಸಿದೆ. ಗಾಡಿಯ ಹೊಟ್ಟೆಯ ನಡುವೆ ದುಂಡಗಿನ, ಗಟ್ಟಿಯಾದ ಕೊಳವೆಯೊಂದು ಕೈಗೆ ಸಿಕ್ಕಿತು. ದೇವರೇ ತೋರಿಸಿಕೊಟ್ಟ ಜಾಗ ಎಂದುಕೊಂಡು ಬಿಗಿಯಾಗಿ ಕಟ್ಟಿ, ಕೈ ತೊಳೆದುಕೊಂಡು, ವೈಚಾರಿಕನಾಗಿ ಕಾಫಿ ಕುಡಿದೆ.

ಅಂದು ದಟ್ಟ ಮಂಜು. ದೆಹಲಿಯ ಜನವರಿಯ ಮಂಜು ಹನ್ನೊಂದಾದರೂ ಕರಗುವುದಿಲ್ಲ, ಎದುರಿನ ಬಸ್ಸು ಎರಡು ಹಳದಿ ಕಣ್ಣಾಗಿ ಬಂದು ಹೋಗುತ್ತದೆ. ಸೊಸೈಟಿಯ ಗೇಟು ದಾಟಿ ರಸ್ತೆಗೆ ಬಿದ್ದೆವು. ‘ಟಿಕ್ ಟಿಕ್’ ಇರಲಿಲ್ಲ. ಅದರ ಬದಲು ‘ಧಬ್’ ಎಂದಿತು. ಸ್ವಲ್ಪ ತಡೆದು ಮತ್ತೆ ‘ಧಬ್’. ಆಮೇಲೆ ಧಬ್ ಧಬ್ ಧಬ್ ಎಂದು, ಮುಚ್ಚಿದ ಬಾಗಿಲನ್ನು ಒಳಗಿನಿಂದ ಅಂಗೈಯಲ್ಲಿ ಬಡಿಯುವಂತೆ. ಕಾಲ ಕೆಳಗಿನ ತಗಡು ನಡುಗಿತು. ಹಿಂದೆ ಅಳು ಏರಿತು. ಪದ್ಮಾ ನನ್ನ ತೋಳು ಹಿಡಿದಳು. ನಾನು ಅವಳ ಕೈ ಹಿಡಿದೆ, ಧೈರ್ಯ ಹೇಳಲಿಕ್ಕಲ್ಲ. ಸ್ಮಶಾನದ ಗೇಟು ಮಂಜಿನಲ್ಲಿ ಕಾಣುವ ಮೊದಲೇ ಗೇರ್ ರಾಡು ಹಿಂದಕ್ಕೆ ಬಂತು. ಏನೋ ಹರಿದ ಸದ್ದು. ಗಾಡಿ ಉರುಳಿ ನಿಂತಿತು. ಕೀಲಿ ಕಿತ್ತೆ. ಎಂಜಿನ್ ತನ್ನಷ್ಟಕ್ಕೆ ತಾನು ಓಡುತ್ತಲೇ ಇತ್ತು.

ಇಬ್ಬರೂ ಇಳಿದು ರಸ್ತೆಯಂಚಿಗೆ ಬಂದೆವು. ಗಾಡಿಯ ಹೊಟ್ಟೆಯ ಕೆಳಗೆ ಕೆಂಪಗೆ, ನಾಲಗೆಯಂತೆ ಏನೋ ಜೋತುಬಿದ್ದು ಅಲ್ಲಾಡುತ್ತಿತ್ತು. ನನ್ನ ಕಾಲು ಕಿತ್ತಿಡಲಾಗಲಿಲ್ಲ. ಪದ್ಮಾ ಮಾತ್ರ ಒಮ್ಮೆ ಹಿಂದಿನ ಪಾತ್ರೆಗಳನ್ನು, ಒಮ್ಮೆ ವಾಚನ್ನು ನೋಡಿದಳು. “ಮಕ್ಕಳು ಕಾಯ್ತಿರ್ತಾರೆ” ಎಂದವಳೇ ಸೀರೆ ಸಿಕ್ಕಿಸಿ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

“ರೀ, ಈ ತೆಂಗಿನಕಾಯಿ ಯಾರದು?”

ನಾನು ಮಂಜನ್ನು ನೋಡಿದೆ.

“ನಿಮ್ಮದಾ!” ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ಅದರ ಪಕ್ಕ ಇರೋ ತಾಮ್ರದ ತಾಯಿತ?” ಎಂದೆ ನಾನು, ಧೈರ್ಯ ಮಾಡಿ ಬಗ್ಗಿ.

ಈಗ ಅವಳು ಮಂಜನ್ನು ನೋಡಿದಳು. ಗೇರು ಜಾರಿದ ದಿನವೇ ಅವಳ ಅಕ್ಕ ಫೋನಿನಲ್ಲಿ ಹೇಳಿಕೊಟ್ಟಿದ್ದಳಂತೆ. ನಾನು ನಗುತ್ತೇನೆಂದು ನನ್ನ ಕಣ್ಣಿಗೆ ಬೀಳದ ಜಾಗ ಹುಡುಕಿ ಕಟ್ಟಿದ್ದಳಂತೆ. ಅದೇ ಕೊಳವೆಗೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯಲು ಗಿರಗಿರ ತಿರುಗುವ ಏಕೈಕ ಕೊಳವೆ ಅದು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಉಗುರಲ್ಲಿ ಕುಟ್ಟಿದ್ದು ಅವಳ ತಾಯಿತ, ಅಂಗೈಯಲ್ಲಿ ಬಡಿದದ್ದು ನನ್ನ ಕಾಯಿ. ಭೂತ ಬಿಡಿಸಲು ಕಟ್ಟಿದ್ದನ್ನೆಲ್ಲ ಭೂತವೆಂದು ಹೆದರಿಕೊಂಡು ತಿರುಗಿದ್ದೆವು. ನಾನು ನಗಲು ಬಾಯಿ ತೆರೆದೆ. ಪದ್ಮಾ ಆಗಲೇ ರಸ್ತೆಯ ನಡುವೆ ನಿಂತು ಒಂದು ಆಟೋವನ್ನು ಅಡ್ಡಗಟ್ಟಿ, “ಭಯ್ಯಾ, ರಾಜಿಂದರ್ ನಗರ್, ಜಲ್ದಿ! ಚಲೋ!” ಎನ್ನುತ್ತಿದ್ದಳು. ಪಾತ್ರೆಗಳು ಆಟೋ ಏರಿದವು, ಅವಳು ಮಜ್ಜಿಗೆ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡಳು. ನನಗೆ ಜಾಗವಿರಲಿಲ್ಲ.

ನಾನು ಫೋನ್ ಮಾಡಿದ ಮೇಲೆ ಸತ್ಬೀರ್ ಬಂದದ್ದು ಸ್ಕೂಟರಿನಲ್ಲಿ. ಗಾಡಿಯಡಿ ಮಲಗಿ ಎಲ್ಲವನ್ನೂ ನೋಡಿ ಹೊಟ್ಟೆ ಹಿಡಿದು ನಕ್ಕ. ಪಕ್ಕದ ಚೌಕಟ್ಟಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ತೋರಿಸಿ, “ಇದು ಯಾರದಪ್ಪಾ?” ಎಂದೆ. ನಗು ನಿಲ್ಲಿಸಿದ. “ಮೇರಾ ಹೈ ಸಾಬ್. ಆದ್ರೆ ನಾನು ತಿರುಗದ ಕಡೆ ಕಟ್ಟಿದೀನಿ” ಎಂದ. ಆಮೇಲೆ ಟಾರ್ಚನ್ನು ಇನ್ನೂ ಒಳಕ್ಕೆ ಹಿಡಿದ. ಚೌಕಟ್ಟಿನ ಮೂಲೆಯಲ್ಲಿ, ಗ್ರೀಸಿನಲ್ಲಿ ಕಪ್ಪಾಗಿ ಕಲ್ಲಿನಂತಾದ ಒಂದು ಗಂಟು. ಎಷ್ಟು ವರ್ಷದ್ದೋ. ಅದರ ಸುತ್ತ ಸಣ್ಣ ಗಾಜಿನ ಬಳೆಯ ಚೂರು. ನನ್ನದಲ್ಲ, ಪದ್ಮಳದಲ್ಲ, ಅವನದೂ ಅಲ್ಲ.

“ಇದನ್ನ ಕಟ್ಟಿದವನಿಗೂ ಏನೋ ಕೇಳಿಸಿರಬೇಕು ಸಾಬ್,” ಎಂದ ಸತ್ಬೀರ್, ಮೆಲ್ಲಗೆ. “ಆಗ ಇನ್ನೂ ಯಾರೂ ಏನೂ ಕಟ್ಟಿರಲಿಲ್ಲವಲ್ಲ.”

ಎಂಜಿನ್ ಆ ಹೊತ್ತಿಗೆ ತಾನಾಗಿ ನಿಂತಿತು. ನಾವಿಬ್ಬರೂ ಗಂಟಿನ ಸುದ್ದಿಗೆ ಹೋಗಲಿಲ್ಲ.

ಅವನು ಗಾಡಿಯನ್ನು ಎಳೆಸಿಕೊಂಡು ಹೋಗಿ ಹೊಸ ಕ್ಲಚ್ ಪ್ಲೇಟು, ಹೊಸ ಜಾಯಿಂಟು, ಹೊಸ ತಂತಿ ಹಾಕಿದ. ಗೇರು ಬಿಗಿಮಾಡಿದ, ಡಿಫರೆನ್ಷಿಯಲ್ಲಿನ ಹಲ್ಲು ಬದಲಿಸಿ ಎಣ್ಣೆ ಕುಡಿಸಿದ. ಅಳು, ಬಡಿತ, ಜಾರಾಟ ಎಲ್ಲ ಮಾಯ. ಅಷ್ಟರಲ್ಲಿ ಆಟೋ ಭಯ್ಯಾ ದಿನಾ ಬಂದು ಹಾರ್ನ್ ಮಾಡುತ್ತಿದ್ದ, ಊಟ ಒಂದಕ್ಕೆ ಮೊದಲೇ ತಲುಪುತ್ತಿತ್ತು, ಪರಾಠಾ ಅಂಗಡಿಯ ಪಾಲಾಗಿದ್ದವರೆಲ್ಲ ಮರಳಿದ್ದರು. “ಗಾಡಿ ಈಗ ಬೆಣ್ಣೆ ಕಣೆ” ಎಂದರೆ ಪದ್ಮಾ, “ಇರಲಿ ಬಿಡಿ, ಪಾಪ, ಅದೂ ರೆಸ್ಟ್ ತಗೊಳ್ಳಲಿ” ಎಂದಳು.

ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ನಾನೊಬ್ಬನೇ ಗಾಡಿ ತೆಗೆದುಕೊಂಡು ರಾಜಿಂದರ್ ನಗರಕ್ಕೆ ಹೋದೆ. ಎಷ್ಟು ನಯವಾಗಿ ಹೋಯಿತೆಂದರೆ ಬಂದದ್ದು ಯಾರಿಗೂ ತಿಳಿಯಲಿಲ್ಲ. ನೆಲಮಾಳಿಗೆಯ ಮೆಟ್ಟಿಲಿಳಿದು, ಮಬ್ಬು ಬೆಳಕಿನಲ್ಲಿ ಬಾಗಿಲಿಗೆ ಒರಗಿ, ಯಾರಾದರೂ ನೋಡಲಿ ಎಂದು ನಿಂತೆ. ಸಾಲಾಗಿ ಕೂತ ಮಕ್ಕಳು, ಹಬೆಯಾಡುವ ಹುಳಿ, ನಡುವೆ ನಗುತ್ತಾ ಬಡಿಸುತ್ತಿದ್ದ ಪದ್ಮಾ. ಅವಳು ಅಷ್ಟು ಚೆನ್ನಾಗಿ ಕಾಣುವುದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ. ಆಗ ತುದಿಯಲ್ಲಿ ಕೂತಿದ್ದ ಹೊಸ ಹುಡುಗಿಯೊಬ್ಬಳು ತಲೆಯೆತ್ತಿ ನನ್ನನ್ನು ಕಂಡು ಕಿಟಾರನೆ ಕಿರುಚಿದಳು. “ಆಂಟೀ, ಅಲ್ಲಿ... ಬಾಗಿಲಲ್ಲಿ ಯಾರೋ ನಿಂತಿದಾರೆ!”

ಪದ್ಮಾ ತಿರುಗಿಯೂ ನೋಡಲಿಲ್ಲ. ಸೌಟಿನಲ್ಲಿ ಹುಳಿ ಬಡಿಸುತ್ತಲೇ, “ಹೆದರಬೇಡ ಮಗಳೇ, ಅದು ಆಗಾಗ ಬರುತ್ತೆ, ಏನೂ ಮಾಡಲ್ಲ,” ಎಂದಳು. “ಮೂಲೇಲಿ ಒಂದು ತಟ್ಟೆ ಅನ್ನ ಇಡು, ತಿಂದು ಹೊರಟುಹೋಗುತ್ತೆ.”

ಹುಡುಗಿ ತಟ್ಟೆ ತಂದು ದೂರದಲ್ಲೇ ಇಟ್ಟು ಹಿಂದೆ ಸರಿದಳು. ನಾನು ಸದ್ದಿಲ್ಲದೆ ಹೋಗಿ ಕೂತು ಉಂಡೆ.