ಮಾವ ಕೇಳದೆ ಬಿಟ್ಟ ನಂಬರು

ನನ್ನ ಸೋದರಮಾವನ ಎದುರು ದೇವರೇ ಪ್ರತ್ಯಕ್ಷನಾಗಿ "ಭಕ್ತಾ, ಮೆಚ್ಚಿದೆ, ನಿನಗೆ ಮೋಕ್ಷ ಕೊಟ್ಟಿದ್ದೇನೆ" ಎಂದರೂ ಅವರು ಕೈ ಮುಗಿಯುವುದಿಲ್ಲ. ಜೇಬಿನಿಂದ ನೋಟ್‌ಬುಕ್ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, "ಸರಿ, ನಂಬರ್ ಹೇಳಿ" ಎನ್ನುತ್ತಾರೆ. ದೇವರು ತಡವರಿಸಿದನೋ, ಮೋಕ್ಷ ಕ್ಯಾನ್ಸಲ್!

ಉತ್ಪ್ರೇಕ್ಷೆ ಅಂದುಕೊಂಡಿರಾ? ನೀವು ನಮ್ಮ ಮಾವನನ್ನು ನೋಡಿಲ್ಲ, ಬಿಡಿ. ಅವರು ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಆ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪಕ್ಕದ ಸ್ಟೇಷನ್ನಿನವನು ಫೋನಿನಲ್ಲಿ "ಲೈನ್ ಖಾಲಿ ಇದೆ, ಗಾಡಿ ಬಿಡಿ" ಎಂದರೆ ಸಾಲದು. ತನ್ನ ಹತ್ತಿರವಿರುವ ಗುಟ್ಟಿನ ಹಾಳೆಯಿಂದ ಎರಡಂಕಿಯ ನಂಬರೊಂದನ್ನು ಹೇಳಬೇಕು. ಇವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಗಾಡಿ ಹೊರಡಬೇಕು. ನಂಬರ್ ಕೊಟ್ಟವನು ಆಮೇಲೆ "ನಾನು ಹಾಗೆ ಹೇಳಲೇ ಇಲ್ಲ" ಎನ್ನುವಂತಿಲ್ಲ. ಗಾಡಿಯೊಳಗಿನ ಅಷ್ಟೂ ಜೀವ ಅವನ ತಲೆಯ ಮೇಲೆ. ಮಾವ ನಿವೃತ್ತರಾಗಿ ಜಾವಗಲ್ಲಿನ ಮನೆ ಸೇರಿದರು. ಪದ್ಧತಿ ಮಾತ್ರ ನಿವೃತ್ತವಾಗಲಿಲ್ಲ.

"ಗ್ಯಾಸ್ ಆಫ್ ಮಾಡಿದೀನಿ ಕಣ್ರೀ" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಾರೆ.

"ನಂಬರ್?"

"ಇಪ್ಪತ್ಮೂರು!"

ಮಾವ ಬರೆದುಕೊಳ್ಳುತ್ತಾರೆ. ಅತ್ತೆ ಪಾಪ, ಬಹಳ ದಿನ ಇಪ್ಪತ್ಮೂರನ್ನೇ ಕೊಟ್ಟು ಸುಧಾರಿಸಿದರು. ಒಂದು ದಿನ ಮಾವ ಹಳೆಯ ಪುಟ ತಿರುವಿ ನೋಡಿದರು. ಮನೆಯಲ್ಲಿ ಭೂಕಂಪ! "ಒಂದೇ ನಂಬರ್ ಎರಡ್ ಸಲ ಕೊಡ್ತೀಯಲ್ಲೇ, ಎರಡು ಗಾಡಿ ಒಂದೇ ಲೈನಿಗೆ ಬಂದ್ರೆ ಏನ್ಮಾಡ್ತೀಯ?" ಜಾವಗಲ್ಲಿನ ಅಡುಗೆಮನೆಗೆ ಯಾವ ಗಾಡಿ ಬರುತ್ತದೆ ಸ್ವಾಮಿ? ಅಂದಿನಿಂದ ಅತ್ತೆ ಮಸಾಲೆ ಡಬ್ಬಿಯ ಮುಚ್ಚಳಕ್ಕೆ ನಂಬರುಗಳ ಚೀಟಿ ಅಂಟಿಸಿಕೊಂಡಿದ್ದಾರೆ.

ನನ್ನ ಮದುವೆಯಲ್ಲಿ ಧಾರೆ ಮುಗಿದದ್ದೇ ತಡ, ಮಾವ ಮದುಮಗನ ಕಿವಿಯ ಹತ್ತಿರ ಬಗ್ಗಿ, "ನಮ್ ಹುಡುಗೀನ ಚೆನ್ನಾಗಿ ನೋಡ್ಕೋತೀರಾ?" ಎಂದು ಕೇಳಿದರು. ಅವರು ನಾಚಿಕೊಂಡು ಹೂಂ ಎಂದರು. "ನಂಬರ್?" ಬೆಪ್ಪಾದ ನನ್ನ ಗಂಡ ಬಾಯಿಗೆ ಬಂದದ್ದು ಹೇಳಿದರು: "ಎಪ್ಪತ್ತೆರಡು." ಈಗಲೂ ಜಗಳವಾದಾಗಲೆಲ್ಲ, "ಅವತ್ತು ಎಪ್ಪತ್ತೆರಡು ಕೊಟ್ಟು ಸಿಕ್ಕಿಹಾಕಿಕೊಂಡೆ" ಎಂದು ಗೊಣಗುತ್ತಾರೆ.

ಮಾವ ಕೇಳುತ್ತಾರೆಯೇ ಹೊರತು ಕೊಡುವುದಿಲ್ಲ. "ಒಂದ್ಸಲ ನೀವೂ ಕೊಡಿ ನೋಡೋಣ" ಎಂದು ಕೆಣಕಿದ್ದೆ. ಅವರು ನಗಲಿಲ್ಲ. "ಕೊಟ್ಟು ಕೊಟ್ಟು ಸಾಕಾಗೈತೆ ಕಣೇ. ರಿಟೈರಾದ ದಿನ ಹಾಳೆ ವಾಪಸ್ ಕೊಟ್ಟು ಬಂದೆ. ಇನ್ ಯಾರ ಜೀವಕ್ಕೂ ನಾನು ನಂಬರ್ ಕೊಡಾಕಿಲ್ಲ" ಎಂದರು.

ಒಂದು ವಿಷಯದಲ್ಲಿ ಮಾತ್ರ ಅವರು ಯಾರ ನಂಬರನ್ನೂ ನಂಬುತ್ತಿರಲಿಲ್ಲ. ಅತ್ತೆಗೆ ಒಂದು ಜಾತಿಯ ಇಂಜೆಕ್ಷನ್ ಆಗುವುದಿಲ್ಲ. ಹಿಂದೊಮ್ಮೆ ಯಾರೋ ಚುಚ್ಚಿ, ಗಂಟಲು ಊದಿ, ಅತ್ತೆ ಹೋಗಿಯೇಬಿಟ್ಟರು ಎನ್ನುವಂತಾಗಿತ್ತು. ಆವತ್ತಿನಿಂದ ಅತ್ತೆಯ ಎಲೆಅಡಿಕೆ ಚೀಲದಲ್ಲಿ ಮಾವನ ಕೈಬರಹದ ಚೀಟಿ: "ಇವರಿಗೆ ಈ ಇಂಜೆಕ್ಷನ್ ಕೊಡಬಾರದು." ಕೆಳಗೆ ಅದರ ಹೆಸರು. ಚೀಟಿ ಹರಿದಾಗೆಲ್ಲ ಹೊಸದು ಬರೆದಿಡುತ್ತಿದ್ದರು.

ಇಂಥವರು ನಮ್ಮ ಆಫೀಸಿಗೆ ಬಂದದ್ದು ನನ್ನ ಗ್ರಹಚಾರ. ಅರಸೀಕೆರೆಯಲ್ಲಿ ಕೊಬ್ಬರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಐದು ಜನ ಸಾಫ್ಟ್‌ವೇರ್ ಬರೆಯುತ್ತೇವೆ. ಹಳ್ಳಿ ಹಳ್ಳಿಗೆ ಆರೋಗ್ಯ ವ್ಯಾನು ಕಳಿಸುವ ಒಂದು ಟ್ರಸ್ಟು, ರೋಗಿಗಳ ವಿವರ ಇಡುವ ಆ್ಯಪ್ ಮಾಡಿಕೊಡಿ ಎಂದಿತ್ತು. ಜಾವಗಲ್ಲಿನಲ್ಲಿ ಬರೆಸಿದ್ದು ಹಳೇಬೀಡಿನಲ್ಲೂ ಗೆಂಡೆಹಳ್ಳಿಯಲ್ಲೂ ಕಾಣಬೇಕು. ಆ ವಿವರವನ್ನೆಲ್ಲ ಯಾವ ಡೇಟಾಬೇಸಿನಲ್ಲಿ ಇಡುವುದು ಎಂದು ನಾವು ವಾರಗಟ್ಟಲೆ ಕಚ್ಚಾಡುತ್ತಿದ್ದೆವು. ವ್ಯಾನಿನಲ್ಲಿ ಎಲ್ಲರ ವಿವರ, ಆಗದ ಇಂಜೆಕ್ಷನ್ ಸಮೇತ, ಬರೆಯುತ್ತಾರೆಂದು ಕೇಳಿದ ಮಾವ ಮರುದಿನವೇ ಹಾಜರ್.

ಬೋರ್ಡಿನ ಮೇಲೆ ಮೂರು ಕ್ಲೌಡ್ ಸೇವೆಗಳ ಹೋಲಿಕೆ ಇತ್ತು. ಮೊದಲನೆಯದು ಹಳೆಯ ಸಂಪ್ರದಾಯದ್ದು: ಅಚ್ಚು ಹಾಕಿದ ಫಾರಂ ಇದ್ದಂತೆ, ಎಲ್ಲ ರೋಗಿಗಳಿಗೂ ಅಷ್ಟೇ ಮನೆ, ಅಷ್ಟೇ ಗೆರೆ. ಉಳಿದೆರಡು ಅಂಥ ಅಚ್ಚಿನ ಫಾರಂ ಬೇಡದ ನೋಎಸ್‌ಕ್ಯೂಎಲ್ ಜಾತಿಯವು. ಅವುಗಳಲ್ಲಿ ಒಂದು, ಏನು ಕೇಳುತ್ತೀರಿ ಎಂದು ಮೊದಲೇ ತಿಳಿಸಿದರೆ ಮಾತ್ರ ಮಿಂಚಿನಂತೆ ಉತ್ತರಿಸುವಂಥದ್ದು. ಬೇರೆ ಪ್ರಶ್ನೆ ಹಾಕಿದರೆ ಮುಖ ತಿರುಗಿಸುತ್ತದೆ. ಇನ್ನೊಂದರಲ್ಲಿ ಒಬ್ಬೊಬ್ಬ ರೋಗಿಗೂ ತನ್ನದೇ ಹಾಳೆ. ಒಬ್ಬರದು ಮೂರೇ ಸಾಲು, ಇನ್ನೊಬ್ಬರದು ಮೂರು ಪುಟ, ಯಾರೂ ಕೇಳುವವರಿಲ್ಲ. ಪ್ರತಿ ಹಾಳೆಗೂ ಮೂರು ಯಂತ್ರಗಳಲ್ಲಿ ಮೂರು ಪ್ರತಿ.

"ಇದೇ ಚೆನ್ನಾಗೈತೆ" ಎಂದರು ಮಾವ. ನಾವು ವಾರಗಟ್ಟಲೆ ಕಚ್ಚಾಡಿದ್ದಕ್ಕೆ ಅವರಿಗೆ ಒಂದು ಲೋಟ ಕಾಫಿಯಷ್ಟು ಹೊತ್ತು ಸಾಕಾಯಿತು!

ಅಷ್ಟರಲ್ಲಿ ಆ ಸೇವೆಯನ್ನು ಮಾರುವವನು ಬೆಂಗಳೂರಿನಿಂದ ವಿಡಿಯೋ ಕಾಲಿಗೆ ಬಂದ. ಕಣ್ಣು ಮಿಟುಕಿಸುವುದರೊಳಗೆ ಬರೆದಾಗಿರುತ್ತದೆ ಎಂದು ಕೊಚ್ಚಿಕೊಂಡ. ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಬರೆದಾಯ್ತು ಅಂತ ಹೇಳೋರು ಯಾರು? ಕೇಳಿಸ್ಕೊಂಡೋನಾ, ಬರ್ಕೊಂಡೋನಾ?"

"ಸರ್, ಅದು ನೀವು ಹೇಗೆ ಸೆಟ್ ಮಾಡ್ಕೋತೀರೋ ಹಾಗೆ. ಎರಡು ಯಂತ್ರ ಬರ್ಕೊಂಡ ಮೇಲೆ ಹೇಳು ಅನ್ಬಹುದು, ಒಂದು ಬರ್ಕೊಂಡ್ರೆ ಸಾಕು ಅನ್ಬಹುದು. ಉತ್ತರಕ್ಕೆ ಕಾಯೋದೇ ಬೇಡ ಅಂತಾನೂ ಇಡಬಹುದು. ಅದು ತುಂಬಾ ಫಾಸ್ಟು!"

"ಕಾಯ್ದೇ ಇದ್ರೆ, ಬರೆದಾಯ್ತು ಅಂತ ಹೆಂಗ್ ಗೊತ್ತಾಗ್ತದೆ?"

"ಗುಡ್ ಕ್ವಶ್ಚನ್ ಸರ್" ಎಂದ ಅವನು. ಪರದೆ ಕಪ್ಪಾಯಿತು. ನೆಟ್‌ವರ್ಕ್ ಹೋಯಿತೋ ಅವನೇ ಹೋದನೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಮಾವ ನನ್ನ ಸಹೋದ್ಯೋಗಿ ಮಂಜನ ಕಡೆ ತಿರುಗಿದರು. "ಏನ್ಲಾ, ಎರಡು ಯಂತ್ರ ನಂಬರ್ ಕೊಡೋಗಂಟ ಪರದೆ ಮ್ಯಾಲೆ ಟಿಕ್ ಬರಬಾರದು. ಬರ್ಕೋ." ಮಂಜ ಮುಸಿಮುಸಿ ನಗುತ್ತ ಹಾಗೆಯೇ ಸೆಟ್ ಮಾಡಿದ. ಇಲ್ಲಿಗೆ ನಗುವ ಭಾಗ ಮುಗಿಯಿತು.

ಟ್ರಸ್ಟಿನ ಹಿರಿಯರಿಗೆ ಆ್ಯಪ್ ತೋರಿಸುವ ದಿನ ವ್ಯಾನು ಜಾವಗಲ್ಲಿಗೆ ಬಂತು. ಮಾವ ಬಿಳಿ ಷರಟು ತೊಟ್ಟು, ಮೊದಲ ರೋಗಿಯಾಗಿ ಅತ್ತೆಯನ್ನೇ ಕರೆತಂದರು. ನೆಟ್‌ವರ್ಕ್ ಅವತ್ತು ಕುಂಟುತ್ತಿತ್ತು. ನರ್ಸು ಹೆಸರು ಬರೆದರೆ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ಟಿಕ್ ಬರುವುದಿಲ್ಲ. ಟ್ರಸ್ಟಿನ ಕಾರ್ಯದರ್ಶಿ ಎರಡು ಸಲ ಗಡಿಯಾರ ನೋಡಿಕೊಂಡರು. ಆ ಕೆಲಸ ಕೈತಪ್ಪಿದರೆ ನಮ್ಮ ಮಹಡಿಗೆ ಬೀಗ. ನಾನು ಮೂಲೆಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಒಂದೇ ಒಂದು ಸಾಲು ಬದಲಾಯಿಸಿದೆ: ಉತ್ತರಕ್ಕೆ ಕಾಯುವುದು ಬೇಡ.

ಆಹಾ, ಏನು ವೇಗ! ಹೆಸರು, ಟಿಕ್. ಬಿಪಿ, ಟಿಕ್. ಆಗದ ಇಂಜೆಕ್ಷನ್, ಟಿಕ್. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಆ ಕೊನೆಯ ಹಸಿರು ಟಿಕ್ಕನ್ನು ಹತ್ತಿರದಿಂದ ನೋಡಿದರು. ಅವರ ಕೈ ಅಭ್ಯಾಸದಂತೆ ನೋಟ್‌ಬುಕ್ಕಿನ ಜೇಬಿಗೆ ಹೋಯಿತು. ಆಮೇಲೆ ನನ್ನ ಮುಖ ನೋಡಿದರು.

"ನೀನೇ ಮಾಡಿರಾದು ತಾನೇ?"

"ಹೂಂ ಮಾವ."

"ಹಂಗಾದ್ರೆ ಸರಿ" ಎಂದು ಕೈಯನ್ನು ಜೇಬಿನಿಂದ ಬರಿದಾಗಿಯೇ ತೆಗೆದರು.

ನನಗೆ ಜಂಬ. "ಇನ್ನು ಆ ಚೀಟಿ ಯಾಕೆ ಮಾವ? ಮೂರು ಕಡೆ ಭದ್ರವಾಗಿದೆ" ಎಂದೆ. ಅವರು ಅತ್ತೆಯ ಚೀಲದಿಂದ ಚೀಟಿ ತೆಗೆದು ನನ್ನ ಕೈಗಿಟ್ಟರು. ನಾನು ಅದನ್ನು ಬ್ಯಾಗಿಗೆ ತುರುಕಿ, ಹೋಳಿಗೆ ಊಟಕ್ಕೆ ಕುಳಿತೆ. ಬದಲಾಯಿಸಿದ ಸಾಲನ್ನು ಸಂಜೆ ಸರಿಮಾಡೋಣ ಅಂದುಕೊಂಡವಳು ಮರೆತೇಬಿಟ್ಟೆ. ಮೂರು ಹೋಳಿಗೆ ತಿಂದದ್ದು ಚೆನ್ನಾಗಿ ನೆನಪಿದೆ!

ಮುಂದಿನ ವಾರ ಅತ್ತೆ ಗೆಂಡೆಹಳ್ಳಿಯ ತಂಗಿಯ ಮನೆಗೆ ಹೋದರು. ಅವರ ಕಾಲಿನ ಗಾಯವೊಂದು ಕೀವಾಗಿತ್ತು. ವ್ಯಾನು ಬಂತು. ನರ್ಸು ಬೇರೆಯವಳು. ಒಳ್ಳೆಯವಳು, ಪರದೆ ನೋಡಿದ್ದಲ್ಲದೆ, "ಯಾವ್ದಾದ್ರೂ ಇಂಜೆಕ್ಷನ್ ಆಗಲ್ವಾ ಅಜ್ಜಿ?" ಎಂದು ಬಾಯಿಬಿಟ್ಟು ಕೇಳಿದ್ದಳು. ಅತ್ತೆ ಹೆಮ್ಮೆಯಿಂದ, "ಅದೆಲ್ಲಾ ನಿಮ್ ಕಂಪ್ಯೂಟರ್‌ನಾಗೆ ಐತೆ ಕಣವ್ವ, ನಮ್ ಹುಡುಗೀನೇ ಮಾಡಿರಾದು" ಎಂದರಂತೆ.

ಕಂಪ್ಯೂಟರಿನಲ್ಲಿ ಅತ್ತೆಯ ಹೆಸರಿತ್ತು, ಬಿಪಿ ಇತ್ತು. ಆಗದ ಇಂಜೆಕ್ಷನ್ ಇರಬೇಕಾದ ಜಾಗ ಖಾಲಿ. ಜಾವಗಲ್ಲಿನಲ್ಲಿ ಅದನ್ನು ಬರೆದ ಕ್ಷಣಕ್ಕೆ ನೆಟ್‌ವರ್ಕ್ ಕಡಿದಿತ್ತು, ಮಾತು ದಾರಿಯಲ್ಲೇ ಬಿದ್ದುಹೋಗಿತ್ತು, ಟಿಕ್ ಮಾತ್ರ ಬಂದಿತ್ತು. ಡೇಟಾಬೇಸಿನ ತಪ್ಪೇನೂ ಇಲ್ಲ. ಕಾಯಬೇಡ ಎಂದು ನಾನು ಹೇಳಿದ್ದೆ, ಅದು ಕಾಯಲಿಲ್ಲ.

ನರ್ಸು ಅದೇ ಇಂಜೆಕ್ಷನ್ ಚುಚ್ಚಿದಳು, ಅತ್ತೆಯ ಗಂಟಲು ಮತ್ತೆ ಊದಿತು. ಗೆಂಡೆಹಳ್ಳಿಯಿಂದ ಬೇಲೂರು, ಬೇಲೂರಿನಿಂದ ಹಾಸನದ ಆಸ್ಪತ್ರೆ. ನಾನು ಅರಸೀಕೆರೆಯಲ್ಲಿ ಬಸ್ಸು ಹತ್ತಿದೆ. ದಾರಿಯಲ್ಲಿ ಫೋನಿಗೆ ಆ ಮಾರಾಟಗಾರನ ಸಂದೇಶ ಬಂತು: ನಮ್ಮ ಸೇವೆ ತೃಪ್ತಿ ತಂದಿದೆಯೇ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನ್ನಿಸಿತು.

ಮಾವ ಐಸಿಯು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದರು. ಹತ್ತಿರ ಹೋಗಲು ಧೈರ್ಯ ಸಾಲದೆ ನಾನು ದೂರದ ಬೆಂಚಿನಲ್ಲಿ ಕುಳಿತೆ. ಬೈಯಲಿ, ಹೊಡೆಯಲಿ ಎಂದು ಕಾಯ್ದೆ. ಕೊನೆಗೆ ಅವರೇ ಬಂದು ಪಕ್ಕದಲ್ಲಿ ಕುಳಿತರು.

"ಮಾವ, ಆ ಸಾಲು ಬದಲಾಯಿಸಿದ್ದು ನಾನೇ."

"ಮಂಜ ಆ ಸಾಲು ನೋಡಿ ಫೋನ್ ಮಾಡಿದ್ದ" ಎಂದರು. ಜೇಬಿನ ನೋಟ್‌ಬುಕ್ ಮುಟ್ಟಿಕೊಂಡು, "ನಾನೂ ನಂಬರ್ ಕೇಳ್ನಿಲ್ಲ ಕಣೇ. ಸರ್ವೀಸಿನಾಗೆ ಒಂದಿನಾನೂ ಹಂಗೆ ಮಾಡಿರ್ನಿಲ್ಲ" ಎಂದರು.

ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ವಾಸಿ ಇರುತ್ತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮಧ್ಯಾಹ್ನ ಮೂರರ ಹೊತ್ತಿಗೆ ನರ್ಸು ಅವರನ್ನು ಒಳಗೆ ಕರೆದಳು. ಹೋದರು. ಬಂದರು. ನನ್ನ ತಲೆಯ ಮೇಲೆ ಕೈಯಿಟ್ಟು, "ಕಣ್ಬಿಟ್ಲು. ಕಾಫಿ ಕೇಳ್ತಾವ್ಳೆ" ಎಂದರು.

ನಾನು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಅನ್ನಿಸಿತು. ನನಗೇ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತು: "ನಂಬರ್?"

ಮಾವ ನನ್ನನ್ನೇ ನೋಡಿದರು.

"ನಲವತ್ತೊಂದು" ಎಂದರು. "ಬರ್ಕೋ."

ಬ್ಯಾಗಿನಲ್ಲಿ ಕೈಯಾಡಿಸಿದೆ. ಸಿಕ್ಕಿದ್ದು ಅತ್ತೆಯ ಚೀಟಿ. ಅದರ ಹಿಂಬದಿಗೆ ನಲವತ್ತೊಂದು ಎಂದು ಬರೆದು, ಮಡಚಿ, ಮಾವನ ಕೈಗೆ ಕೊಟ್ಟೆ.