ದೇವರ ಭಯವೂ ನನ್ನ ವರ್ಗಾವಣೆಗಳೂ

ದೇವರಿಗೆ ಹೆದರುವವರ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನನ್ನ ಬದುಕಿನಲ್ಲಿ ಸ್ವಲ್ಪ ಹೆಚ್ಚಾಗಿಯೇ ಆದವು. ಯಾಕೆಂದರೆ ದೇವರಿಗೆ ಹೆದರಿದ ಮೇಲೆ ಬೇರೆಯವರಿಗೂ ಹೆದರುವಷ್ಟು ಭಯ ನನ್ನ ಹತ್ತಿರ ಉಳಿಯುತ್ತಿರಲಿಲ್ಲ. ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ನರ್ಸ್. ನಾವು ಕ್ರೈಸ್ತರು. ಮನೆಯಲ್ಲಿ ನಾನು ಮತ್ತು ನಮ್ಮವ್ವ, ಇಬ್ಬರೇ. ಎಪ್ಪತ್ತರ ದಶಕದಲ್ಲಿ ಚನ್ನಗಿರಿಯಲ್ಲಿ ಕೆಲಸಕ್ಕೆ ಸೇರಿದವಳು ಎಂಬತ್ತರ ದಶಕಕ್ಕೆ ಜಗಳೂರು ಸೇರಿದ್ದೆ. ನಡುವೆ ಏನಾಯಿತು ಕೇಳಿ.

ಚನ್ನಗಿರಿ: ಡಾಕ್ಟರು ಎಲ್ಲಿ?

ನಮ್ಮ ಡಾಕ್ಟರಿಗೆ ಊಟವಾದ ಮೇಲೆ ಮನೆಗೆ ಹೋಗಿ ಮಲಗುವ ಅಭ್ಯಾಸ. "ಯಾರಾದ್ರೂ ದೊಡ್ಡವರು ಬಂದ್ರೆ ಉಬ್ರಾಣಿ ಕ್ಯಾಂಪಿಗೆ ಹೋಗಿದಾರೆ ಅಂತ ಹೇಳು" ಎಂದು ನನಗೆ ಹೇಳಿಟ್ಟಿದ್ದರು. ಒಂದು ದಿನ ಶಿವಮೊಗ್ಗದಿಂದ ಜೀಪು ಬಂತು. ಇಳಿದ ಸಾಹೇಬರು, "ಡಾಕ್ಟ್ರು ಎಲ್ಲಮ್ಮಾ?" ಎಂದರು.

ಸುಳ್ಳು ಹೇಳಿದರೆ ದೇವರಿಗೆ ತಪ್ಪಿದ ಹಾಗೆ. ಹೇಳಿದ್ದನ್ನು ಹೇಳದಿದ್ದರೆ ಡಾಕ್ಟರಿಗೆ ತಪ್ಪಿದ ಹಾಗೆ. ಇಬ್ಬರಿಗೂ ತಪ್ಪದ ಹಾಗೆ ಹೇಳಿದೆ. "ಉಬ್ರಾಣಿ ಕ್ಯಾಂಪಿಗೆ ಹೋಗಿದಾರೆ ಅಂತ ಹೇಳಾಕೆ ಹೇಳಿ, ಮನೆಯಾಗೆ ಮಲಗಿದಾರೆ ಸಾರ್."

ಸಂಜೆ ಡಾಕ್ಟರು ಕೆಂಡವಾಗಿ ಬಂದರು. "ನಿಂಗೆ ಭಯ ಅನ್ನೋದೇ ಇಲ್ವೇನಮ್ಮಾ?"

"ಐತೆ ಸಾರ್. ದೇವರ ಭಯ."

"ನಿಮ್ಮ ದೇವರು ಟ್ರಾನ್ಸ್‌ಫರ್ ಮಾಡಿಸ್ತಾನಾ?"

"ಇಲ್ಲ ಸಾರ್."

"ನಾನು ಮಾಡಿಸ್ತೀನಿ."

ಮಾಡಿಸಿದರು. ಸುರಿಯುವ ಮಳೆಯಲ್ಲಿ ಹಾಸಿಗೆ ಸುತ್ತಿಕೊಂಡು ಹೊನ್ನಾಳಿ ಬಸ್ಸಿಗೆ ನಿಂತೆವು. ಹಾಸಿಗೆಯೂ ನೆನೆಯಿತು, ಅವ್ವನೂ ನೆನೆದಳು. ಸೆರಗು ಹಿಂಡಿಕೊಳ್ಳುತ್ತಾ ಅವ್ವ ಅಂದಳು: "ಸತ್ಯ ಹೇಳಿದ್ದು ಸರಿ ಬಿಡು. ಮಳೆಗಾಲ ಮುಗಿದ ಮ್ಯಾಲೆ ಹೇಳಿದ್ರೆ ದೇವರು ಬ್ಯಾಡ ಅಂತಿದ್ನೇನೇ?"

ಹೊನ್ನಾಳಿ: ಮೆಲ್ಲನೆಯ ಮಾತು

ಅಲ್ಲಿ ಒಬ್ಬ ಸಾಹುಕಾರರು. ಅವರ ಮನೆಗೇ ಹೋಗಿ ಹೆರಿಗೆ ಮಾಡಿಸಿದೆ, ಸೊಸೆಗೆ ಮತ್ತೆ ಹೆಣ್ಣು ಹುಟ್ಟಿತು. ಬಾಣಂತಿ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದಳು. ಸಾಹುಕಾರರು ನನ್ನನ್ನು ಪಡಸಾಲೆಗೆ ಕರೆದು, "ಇವಳ ಮೈಯಾಗೆ ದೋಷ ಐತೆ, ಇವಳಿಗೆ ಗಂಡು ಆಗಲ್ಲ ಅಂತ ನಾಕು ಜನರ ಮುಂದೆ ಹೇಳಮ್ಮ. ಮಗನಿಗೆ ಬ್ಯಾರೆ ಕಡೆ ಹೆಣ್ಣು ನೋಡೀವಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಆದರೂ ದನಿ ತಗ್ಗಿಸಿ, "ಹೆಣ್ಣೋ ಗಂಡೋ ಅನ್ನೋದು ಗಂಡಸಿನ ಕಡೆಯಿಂದ ಬರೋದು ಸಾಹುಕಾರ್ರೆ. ನಿಮ್ ಸೊಸೆಯದೇನೂ ಇಲ್ಲ" ಎಂದೆ.

"ಯಾರ ಮುಂದೆ ಮಾತಾಡ್ತಿದೀಯಾ ಗೊತ್ತಾ?"

"ಗೊತ್ತು. ಅದಕ್ಕೇ ಮೆಲ್ಲಗೆ ಮಾತಾಡ್ತಿದೀನಿ. ನಾಕು ಜನರ ಮುಂದೆ ಹೇಳ್ಬೇಕು ಅಂದ್ರೆ ಹೇಳ್ತೀನಿ, ನಿಮ್ ಮಗನ ಮಾನ ನೋಡ್ಕಳ್ರಿ."

ಬಾಗಿಲ ಹಿಂದೆ ನಿಂತಿದ್ದ ಸಾಹುಕಾರರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ನಮ್ಮಿಬ್ಬರಿಗೂ ಕೇಳಿಸಿತು. ಮಗನಿಗೆ ಎರಡನೇ ಮದುವೆ ಆಗಲಿಲ್ಲ. ನನಗೆ ಎರಡನೇ ವರ್ಗಾವಣೆ ಆಯಿತು.

ನ್ಯಾಮತಿ: ಅವ್ವನ ನಿದ್ದೆ

ನ್ಯಾಮತಿಗೆ ಬಂದಾಗ ನಮ್ಮ ಕೆಲವೇ ಕ್ರೈಸ್ತ ಮನೆಗಳನ್ನು ನೋಡಿಕೊಳ್ಳಲು ಹೊಸ ಅಯ್ಯನವರು, ಅಂದರೆ ಪಾದ್ರಿಗಳು, ಬಂದಿದ್ದರು. ಪಟ್ಟಣದಲ್ಲಿ ಓದಿದವರು, ಇನ್ನೂ ಹುಡುಗು ಮುಖ. ಭಾನುವಾರದ ಉಪದೇಶಕ್ಕೆ ನಮ್ಮಲ್ಲಿ ಪ್ರಸಂಗ ಅನ್ನುತ್ತೇವೆ; ಅವರ ಪ್ರಸಂಗ ಮಾತ್ರ ಯಾವಾಗಲೂ ಒಂದೇ, ದೇವಭಯ. ನಗಬಾರದು, ಕೆಮ್ಮಬಾರದು, ಅಯ್ಯನವರ ಮಾತಿಗೆ ಎದುರಾಡಬಾರದು. ಇವೆಲ್ಲ ಸೇರಿದರೆ ದೇವಭಯ. ಈ ಪಟ್ಟಿಯಲ್ಲಿ ದೇವರ ಪಾಲು ಎಷ್ಟು, ಅಯ್ಯನವರ ಪಾಲು ಎಷ್ಟು ಎಂದು ನನಗೆ ಯಾವತ್ತೂ ತಿಳಿಯಲಿಲ್ಲ.

ಒಂದು ಭಾನುವಾರ ಅವ್ವ ಪ್ರಸಂಗದ ನಡುವೆ ಗೊರಕೆ ಹೊಡೆದಳು. ಅಯ್ಯನವರು ನಿಲ್ಲಿಸಿ, "ಅಮ್ಮಾ, ದೇವರ ಸನ್ನಿಧಿಯಲ್ಲಿ ನಿದ್ದೆಯೇ? ನಿಮಗೆ ಭಯವಿಲ್ಲವೇ?" ಎಂದು ಗದರಿದರು.

ಅವ್ವ ಕಣ್ಣುಜ್ಜಿಕೊಂಡು ಎದ್ದು ನಿಂತಳು. "ಭಯ ಆದೋರಿಗೆ ನಿದ್ದೆ ಬರ್ತೈತಾ ಅಯ್ನೋರೆ? ಆತ ಕಾಯ್ತಾ ಅವನೆ ಅಂತ ಧೈರ್ಯ. ಅದಕ್ಕೇ ಬಂತು."

ಜಗಳೂರು: ಕೋಳಿ ಕೇಳದ ದೇವರು

ನ್ಯಾಮತಿಯಿಂದ ಯಾಕೆ ಎತ್ತಿದರು ಎಂದು ಹೇಳುವುದಿಲ್ಲ, ಅದಕ್ಕೂ ನನ್ನ ಬಾಯಿಯೇ ಕಾರಣ. ಈ ಸಲ ಜಿಲ್ಲೆಯನ್ನೇ ದಾಟಿಸಿ ಜಗಳೂರಿಗೆ ಎಸೆದರು. ಹೋಗಲಿ, ಅಯ್ಯನವರಾದರೂ ತಪ್ಪಿದರಲ್ಲ ಎಂದು ಸಮಾಧಾನಪಟ್ಟುಕೊಂಡೆ. ಬಂದು ನೋಡಿದರೆ ಅವರಿಗೂ ಅದೇ ಕಡೆಗೆ ವರ್ಗವಾಗಿತ್ತು! ಊರಲ್ಲಿ ನಮಗೆ ದೇವಾಲಯ ಇರಲಿಲ್ಲ. ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲೇ ಆರಾಧನೆ. ತಿಂಗಳಿಗೊಮ್ಮೆ ಅಯ್ಯನವರು ಬಸ್ಸಿನಲ್ಲಿ ಬಂದು ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಕೊಡುತ್ತಿದ್ದರು.

ಮನೆಯ ಒಡತಿ ಅಜ್ಜಿ ಪಕ್ಕದಲ್ಲೇ ಇದ್ದಳು. ಕುರಿ ಸಾಕಿದವಳು, ಊರಿನ ಎಲ್ಲ ದೇವರುಗಳ ಸ್ವಭಾವ ಬಲ್ಲವಳು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ವಿಚಾರಣೆ ಶುರು ಮಾಡಿದಳು.

"ನಿಮ್ ದೇವ್ರು ಮೈಮ್ಯಾಲೆ ಬರ್ತೈತಾ ನರ್ಸಮ್ಮ?"

"ಇಲ್ಲಜ್ಜಿ."

"ಕೋಳಿ, ಕುರಿ ಕೇಳ್ತೈತಾ?"

"ಏನೂ ಕೇಳಲ್ಲ."

"ಮತ್ತೆ ಯಾತಕ್ಕೆ ಹೆದರ್ತೀರಿ?"

"ಅಷ್ಟು ಪ್ರೀತಿ ಮಾಡೋನಿಗೆ ನಮ್ಮಿಂದ ಬೇಜಾರಾಗಬಾರದಲ್ಲ, ಅದಕ್ಕೆ."

ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಯೋಚಿಸಿದಳು. "ಓ, ನಮ್ಮಪ್ಪನ ಹಂಗೆ. ಹೊಡೀತಿರಲಿಲ್ಲ, ಸುಮ್ಕೆ ಮುಖ ನೋಡ್ತಿದ್ದ. ಅಂಥ ದೇವ್ರು ಬಾಳ ಕಷ್ಟ ಕಣವ್ವ. ಕೋಳಿ ಕೊಟ್ಟು ಮುಗಿಸಾಕೂ ಬರಲ್ಲ!"

ಅಯ್ಯನವರ ಅಷ್ಟೂ ಪ್ರಸಂಗಗಳಲ್ಲಿ ತಿಳಿಯದ್ದು ನನಗೆ ಆ ಕಟ್ಟೆಯ ಮೇಲೆ ತಿಳಿಯಿತು.

ಬಿಳಿಚೋಡಿನ ಗಾಡಿ

ಒಂದು ಭೋಜನದ ಭಾನುವಾರ. ಅಯ್ಯನವರು ರೊಟ್ಟಿಯ ತುಂಡನ್ನು ನನ್ನ ಅಂಗೈಗೆ ಇಟ್ಟಿದ್ದರು, ಅಷ್ಟೇ. ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತು. ಬಿಳಿಚೋಡಿನಿಂದ ಬಸುರಿಯನ್ನು ಮಲಗಿಸಿಕೊಂಡು ಬಂದಿದ್ದರು. ಆಸ್ಪತ್ರೆವರೆಗೆ ಹೋಗುವಷ್ಟು ಹೊತ್ತಿರಲಿಲ್ಲ. ಅಂಗೈಯ ರೊಟ್ಟಿ ಬಾಯಿಗೆ ಹಾಕಿಕೊಂಡು, ದ್ರಾಕ್ಷಾರಸದ ಬಟ್ಟಲಿಗೆ ಕಾಯದೆ, ಪೆಟ್ಟಿಗೆ ಎತ್ತಿಕೊಂಡು ಅಗಿಯುತ್ತಲೇ ಓಡಿದೆ. ಗಾಡಿಗೆ ಸೀರೆ ಮರೆಕಟ್ಟಿ ಅಲ್ಲೇ ಹೆರಿಗೆ ಮಾಡಿಸಿದೆ. ಒಳಗೆ ಅಯ್ಯನವರು ಕೊನೆಯ ಆಶೀರ್ವಾದ ಹೇಳಿ ಮುಗಿಸುವುದಕ್ಕೂ ಹೊರಗೆ ಕೂಸು ಕಿರುಚುವುದಕ್ಕೂ ಸರಿಹೋಯಿತು. ಆವತ್ತು ಮೊದಲು ಆಮೆನ್ ಅಂದದ್ದು ಆ ಕೂಸೇ.

ಕೈ ತೊಳೆದು ಒಳಗೆ ಬಂದರೆ ಅಯ್ಯನವರ ಮುಖ ಬಿಗಿದಿತ್ತು. "ಕರ್ತನ ಭೋಜನದಿಂದ ಅರ್ಧಕ್ಕೆ ಎದ್ದು ಹೋದಿರಿ. ನಿಮಗೆ ದೇವರ ಭಯವಿಲ್ಲ. ಸಭೆಯ ಮುಂದೆ ಮೊಣಕಾಲೂರಿ ಕ್ಷಮೆ ಕೇಳುವ ತನಕ ನಿಮಗೆ ಭೋಜನವಿಲ್ಲ."

"ದೇವರ ಭಯಕ್ಕೇ ಎದ್ದು ಹೋದೆ ಅಯ್ನೋರೆ. ಆ ತಾಯಿ ಸತ್ತಿದ್ರೆ ನಾನು ಆತನಿಗೆ ಏನು ಮುಖ ತೋರಿಸ್ಲಿ?"

ಅವರು ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು. ನನಗೆ ನಿಜವಾಗಿ ನೋವಾದದ್ದು ಇದೊಂದಕ್ಕೇ. ವರ್ಗ ಮಾಡಿದರೆ ಬಸ್ ಹತ್ತಬಹುದು. ಕರ್ತನ ಮೇಜಿನಿಂದ ಎಬ್ಬಿಸಿದರೆ ಯಾವ ಬಸ್ ಹತ್ತುವುದು? ಆ ತಿಂಗಳೆಲ್ಲ ಪ್ರಾರ್ಥನೆಗೆ ಕೂತಾಗ ಅಳು ಬರುತ್ತಿತ್ತು. ಆದರೆ ಕ್ಷಮೆ ಕೇಳಬೇಕು ಎಂದು ಒಂದು ದಿನವೂ ಅನಿಸಲಿಲ್ಲ.

ಮೊಣಕಾಲು

ಮುಂದಿನ ಭೋಜನದ ದಿನ ಬಂತು. ಮನೆ ನನ್ನದು, ಮೇಜು ನನ್ನದು, ರೊಟ್ಟಿ ಸುಟ್ಟವಳು ನನ್ನವ್ವ. ತಿನ್ನಬಾರದವಳು ನಾನೊಬ್ಬಳು! ಹಿಂದಿನ ಸಂಜೆಯೇ ಬಂದಿದ್ದ ಅಯ್ಯನವರ ಬಿಳಿ ನಿಲುವಂಗಿ ರಾತ್ರಿಯೆಲ್ಲ ಸೌದೆ ರಾಶಿಯ ಮೇಲಿನ ಮೊಳೆಗೆ ನೇತಾಡುತ್ತಿತ್ತು. ತೊಟ್ಟುಕೊಂಡು ಬಂದು ನಿಂತರು. ಸುದ್ದಿ ತಿಳಿದ ಅಜ್ಜಿಯೂ ಬಾಗಿಲಲ್ಲಿ ಬಂದು ಕೂತಿದ್ದಳು.

"ಮೊಣಕಾಲೂರಿ" ಎಂದರು ಅಯ್ಯನವರು.

"ದಿನಾ ಊರ್ತೀನಿ ಅಯ್ನೋರೆ, ದೇವರ ಮುಂದೆ. ಹೆರಿಗೆ ಮಾಡಿಸಿದ್ದಕ್ಕೆ ಮಾತ್ರ ಊರಲ್ಲ."

ಅಯ್ಯನವರು ಕೈ ಮೇಲೆತ್ತಿದರು. "ದೇವರ ಭಯ ಇರುವವರ ಮೈ ನಡುಗಬೇಕು! ಮೈ—"

ಅವರ ಮೈಯೇ ನಡುಗಿತು. ಒಮ್ಮೆ ಕೂಗಿದರು, ಕುಣಿದರು, ನಿಲುವಂಗಿ ಎತ್ತಿಕೊಂಡು ಒಂಟಿ ಕಾಲಲ್ಲಿ ಪಡಸಾಲೆ ಸುತ್ತಿದರು. ಪವಿತ್ರಾತ್ಮನೇ ಇಳಿದನೆಂದು ಸಭೆಯವರು ಧಡಧಡನೆ ಮೊಣಕಾಲೂರಿದರು. ಅಜ್ಜಿ ಬಾಗಿಲಲ್ಲಿ ಎದ್ದು ಕೈಮುಗಿದಳು. "ಬಂತು! ಬಂತ್ರೋ! ಏನ್ ಬೇಕು ಕೇಳ್ರಿ!" ನಮ್ಮ ಕಡೆ ದೇವರು ಮೈಮೇಲೆ ಬಂದರೆ ಮೊದಲು ಹಾಗೆ ಕೇಳುವುದೇ ರೂಢಿ.

"ನರ್ಸಮ್ಮ! ನರ್ಸಮ್ಮನ್ನ ಕರೀರಿ!" ಎಂದು ಅಯ್ಯನವರು ಕಿರುಚಿದರು.

"ಕೇಳಿದ್ರಾ! ನರ್ಸಮ್ಮನೇ ಬೇಕಂತೆ!" ಎಂದು ಅಜ್ಜಿ ಸಭೆಗೆಲ್ಲ ಸಾರಿದಳು.

ಆಗ ನಿಲುವಂಗಿಯಿಂದ ಚೇಳು ಕೆಳಗೆ ಬಿತ್ತು. ಅವ್ವ ಚಪ್ಪಲಿಯಿಂದ ಅದನ್ನು ಮುಗಿಸಿದಳು. ಅಯ್ಯನವರನ್ನು ಕುರ್ಚಿಯಲ್ಲಿ ಕೂರಿಸಿದರು. ನಾನು ಸೂಜಿ ಹಿಡಿದು ಒಂದೇ ಒಂದು ಮಾತು ಕೇಳಿದೆ. "ಆರಾಧನೆ ಅರ್ಧಕ್ಕೆ ನಿಂತೈತೆ. ಸೂಜಿ ಈಗ್ಲೇ ಹಾಕ್ಲಾ ಅಯ್ನೋರೆ, ಮುಗಿಯೋ ತನಕ ಕಾಯ್ಲಾ?"

"ಹಾಕ್ರಮ್ಮಾ! ದೇವರು ಏನೂ ಅಂದುಕೊಳ್ಳಲ್ಲ!"

ಚೇಳು ಕುಟುಕಿದ್ದು ಮೀನಖಂಡಕ್ಕೆ. ನೆಲಕ್ಕೆ ಮೊಣಕಾಲೂರದೆ ಅಲ್ಲಿಗೆ ಸೂಜಿ ಹಾಕಲು ಆಗುತ್ತಿರಲಿಲ್ಲ, ಊರಿ ಹಾಕಿದೆ. ತಲೆ ಎತ್ತಿದರೆ ಅವ್ವ ರೊಟ್ಟಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಮೊಣಕಾಲೂರಿದಾಳೆ ಅಯ್ನೋರೆ. ಸಭೆಯೆಲ್ಲ ನೋಡೈತೆ. ಕೊಟ್ಬಿಡ್ರಿ."

ಅಯ್ಯನವರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಚೇಳಿನದೋ ಬೇರೆಯದೋ ನಾನು ಕೇಳಲಿಲ್ಲ. ರೊಟ್ಟಿ ಮುರಿದು ನನ್ನ ಅಂಗೈಗೆ ಇಟ್ಟರು, ಬಟ್ಟಲನ್ನೂ ಕೊಟ್ಟರು. ಈ ಸಲ ಪೂರ್ತಿ ಭೋಜನ ಮುಗಿಸಿಯೇ ಎದ್ದೆ.

ಎಲ್ಲರೂ ಹೋದ ಮೇಲೂ ಅಜ್ಜಿ ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನಿಮ್ ದೇವ್ರು ಮೈಮ್ಯಾಲೆ ಬರಲ್ಲ ಅಂತ ಅವತ್ತು ಕಟ್ಟೆ ಮ್ಯಾಲೆ ಕುಂತು ಎಂಥಾ ಸುಳ್ಳು ಹೇಳಿದ್ಯಲ್ಲೇ ನರ್ಸಮ್ಮ! ನಿಂಗೆ ದೇವ್ರ ಭಯ ಬ್ಯಾಡ್ವಾ?"